ಕಲ್ಲಿನ ಆಟ ನಿಂತ ದಿನ

ಮಾಗೋಡು ರಸ್ತೆ, ಯಲ್ಲಾಪುರ ತಾಲೂಕು
30 ಸೆಪ್ಟೆಂಬರ್ 2024

ಸುಮಂತ ಭಟ್ಟರಿಗೆ,

ನಾನು ಭೂಮಿಕಾ, ಪ್ರಮೋದ ನಾಯ್ಕರ ಹೆಂಡತಿ. ದೊಡ್ಮನೆಗೆ ಹೋಗಿ ನಿಮ್ಮ ತಂಗಿ ಪರಿಮಳಾ ಅವರಿಂದ ಈ ವಿಳಾಸ ತಂದಿದ್ದೇನೆ. ಯಲ್ಲಾಪುರದಿಂದ ಶಿರಸಿ, ಶಿರಸಿಯಿಂದ ಸಿದ್ದಾಪುರ, ಅಲ್ಲಿಂದ ಮತ್ತೊಂದು ಬಸ್ಸು. ಅವರ ಮೇಲೆ ಸಿಟ್ಟು ಮಾಡಬೇಡಿ. ಕೊಡಲಾರೆ ಎಂದೇ ಮೊದಲು ಹೇಳಿದ್ದರು. ನಾನು ಅಂಗಳ ಬಿಟ್ಟು ಕದಲಲಿಲ್ಲ.

ನಿಮಗೆ ನಾಲ್ಕು ಸಲ ಫೋನ್ ಮಾಡಿದ್ದೇನೆ. ನಾಲ್ಕು ಸಲವೂ ನೀವು ಕೆನಡಾದ ಚಳಿ ಎಷ್ಟು ಡಿಗ್ರಿ ಎಂದು ಹೇಳಿ ಇಟ್ಟಿರಿ. ಫೋನಿನಲ್ಲಿ ಹೇಳಿದ ಮಾತು ಗಾಳಿಗೆ ಹೋಗುತ್ತದೆ. ಆದ್ದರಿಂದ ಬರೆಯಿರಿ. ನಾನು ಈಗ ಪಂಚಾಯ್ತಿಯ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಕಾಗದ ಅಲ್ಲಿಗೇ ಬರಲಿ.

ನನಗೆ ಬೇಕಾದದ್ದು ಒಂದೇ ಉತ್ತರ. 2022ರ ಏಪ್ರಿಲ್ 11ರ ಮಧ್ಯಾಹ್ನ ಶಿರಸಿಯ ನಿಮ್ಮ ಐಸ್ ಫ್ಯಾಕ್ಟರಿಯಲ್ಲಿ ಏನಾಯಿತು? ವರದಿಯ ಪ್ರತಿ ನನ್ನ ಹತ್ತಿರ ಇದೆ. “ಆಪರೇಟರ್ ಪ್ರಮೋದ ನಾಯ್ಕ ಯಾರಿಗೂ ಹೇಳದೆ ಎಣ್ಣೆಯ ವಾಲ್ವ್ ತೆರೆದಿದ್ದರಿಂದ ಅಮೋನಿಯಾ ಹೊರನುಗ್ಗಿ ಆತನೂ ಲೋಡಿಂಗ್ ಕೆಲಸದ ಮಾಸ್ತಿ ನಾಯ್ಕರೂ ಮೃತಪಟ್ಟರು.” ಅದರ ಕೆಳಗೆ ಮೆಕ್ಯಾನಿಕ್ ಎಂದು ನಿಮ್ಮ ಸಹಿ ಇದೆ.

ಯಾರಿಗೂ ಹೇಳದೆ ಇವರು ಒಂದು ಬಲ್ಬು ಬದಲಿಸಿದವರಲ್ಲ. ಅದು ನಿಮಗೂ ಗೊತ್ತು. ಐಟಿಐಯಿಂದ ಹಿಡಿದು ಎಂಟು ವರ್ಷ ಜೊತೆಗಿದ್ದವರು ನೀವು.

ಮಾಸ್ತಣ್ಣನ ಹೆಂಡತಿ ವೆಂಕಮ್ಮಕ್ಕನ ಮನೆ ನಮ್ಮ ಬಾವಿಯ ಆಚೆಗಿದೆ. ಅವಳು ನನ್ನ ಮುಖ ನೋಡುವುದಿಲ್ಲ.

ಭೂಮಿಕಾ


ಸಸ್ಕಾಚೆವಾನ್, ಕೆನಡಾ
24 ಅಕ್ಟೋಬರ್ 2024

ಭೂಮಿಕಾ ಅವರಿಗೆ,

ನಿಮ್ಮ ಕಾಗದ ತಲುಪಿತು. ಪರಿಮಳಾ ಮೊದಲೇ ಫೋನ್ ಮಾಡಿ ಅತ್ತಿದ್ದಳು. “ಆನು ಎಂತ ಮಾಡ್ಲೋ ಅಣ್ಣಾ, ಆ ಹೆಂಗ್ಸು ಬಿಸಿಲಲ್ಲೇ ನಿಂತಿತ್ತು, ನೀರು ಕೊಟ್ರೂ ಕುಡಿದಿದ್ದಿಲ್ಲೆ” ಎಂದಳು. ನನಗೆ ಅವಳ ಮೇಲೆ ಸಿಟ್ಟಿಲ್ಲ. ನಿಮ್ಮ ಮೇಲೆ ಸಿಟ್ಟು ಮಾಡಲು ನಾನು ಯಾರು?

ಇಲ್ಲಿ ನನ್ನ ಕೆಲಸ ಒಂದು ದೊಡ್ಡ ಕ್ರೀಡಾಂಗಣದಲ್ಲಿ. ಒಳಗೆ ವರ್ಷವಿಡೀ ಮಂಜುಗಡ್ಡೆಯ ನೆಲ. ಅದು ಕರಗದಂತೆ ತಂಪು ಹಿಡಿದಿಡುವ ಯಂತ್ರಗಳನ್ನು ನೋಡಿಕೊಳ್ಳುವ ನಾಲ್ಕು ಜನರಲ್ಲಿ ನಾನೊಬ್ಬ. ಶಿರಸಿಯಲ್ಲಿ ಮೀನಿನ ಲಾರಿಗೆ ಗಡ್ಡೆ ಮಾಡಿಕೊಡುತ್ತಿದ್ದೆವು, ಇಲ್ಲಿ ಮನುಷ್ಯರು ಆಡಲು ಮಾಡಿಕೊಡುತ್ತೇವೆ. ಯಂತ್ರ ಅದೇ, ತಂಪು ಮಾಡುವ ಅಮೋನಿಯಾ ಅನಿಲವೂ ಅದೇ.

ಜನವರಿಯಲ್ಲಿ ಇಲ್ಲಿ ಗಂಡಸರ ಕರ್ಲಿಂಗ್ ಪಂದ್ಯಾವಳಿ ಇದೆ. ಆಟವನ್ನೇ ಜೀವನ ಮಾಡಿಕೊಂಡ ಹದಿನಾರು ತಂಡಗಳು ಬರುತ್ತವೆ. ನಮ್ಮ ಕಡೆ ಯಾರೂ ನೋಡಿರದ ಆಟ. ತಂಡಕ್ಕೆ ನಾಲ್ಕು ಜನ. ಇಪ್ಪತ್ತು ಕಿಲೋ ತೂಕದ ನುಣ್ಣನೆಯ ದುಂಡು ಕಲ್ಲು, ಮೇಲೆ ಹಿಡಿ. ಒಬ್ಬ ಮಂಡಿ ಬಗ್ಗಿಸಿ ಜಾರುತ್ತಾ ಬಂದು ಕಲ್ಲನ್ನು ಮೆಲ್ಲಗೆ ತಿರುಗಿಸಿ ಬಿಡುತ್ತಾನೆ. ಅದು ನೂರು ಅಡಿಗೂ ಹೆಚ್ಚು ದೂರ ತೆವಳಿಕೊಂಡು ಹೋಗುತ್ತದೆ. ಇಬ್ಬರು ಅದರ ಮುಂದೆ ಬ್ರಷ್ಷಿನಿಂದ ನೆಲ ಉಜ್ಜುತ್ತಾ ಓಡುತ್ತಾರೆ. ಉಜ್ಜಿದರೆ ಕಲ್ಲು ಇನ್ನೂ ಸ್ವಲ್ಪ ದೂರ ಹೋಗುತ್ತದೆ, ಬಿಟ್ಟರೆ ಬಾಗುತ್ತದೆ. ಆ ತುದಿಯಲ್ಲಿ ಬಣ್ಣದ ವೃತ್ತಗಳಿವೆ. ಅದಕ್ಕೆ ಇವರು ಮನೆ ಎನ್ನುತ್ತಾರೆ. ಮನೆಯ ನಡುವಿಗೆ ಯಾರ ಕಲ್ಲು ಹತ್ತಿರವೋ ಆ ತಂಡಕ್ಕೆ ಅಂಕ.

ಆಟಕ್ಕೆ ಮೊದಲು ಒಬ್ಬ ಬೆನ್ನಿಗೆ ಕ್ಯಾನ್ ಕಟ್ಟಿಕೊಂಡು, ಹಿಂದೆ ಹಿಂದೆ ನಡೆಯುತ್ತಾ, ಗದ್ದೆಗೆ ಔಷಧಿ ಹೊಡೆದ ಹಾಗೆ ಗಡ್ಡೆಯ ಮೇಲೆ ನೀರಿನ ಹನಿ ಎರಚುತ್ತಾನೆ. ಹನಿಗಳು ಬಿದ್ದಲ್ಲೇ ಗಟ್ಟಿಯಾಗಿ ಕಲ್ಲು ಅವುಗಳ ಮೇಲೆ ಜಾರುತ್ತದೆ. ನನಗೂ ಈಗ ಅದನ್ನು ಕಲಿಸುತ್ತಿದ್ದಾರೆ.

ನಿಮ್ಮ ಮಾವ ಕೆರಿಯಪ್ಪನವರು ಹೇಗಿದ್ದಾರೆ? ಅವರ ಮನೆಯ ಹಲಸಿನ ಹಪ್ಪಳ ತಿಂದ ನೆನಪು ನನಗಿನ್ನೂ ಇದೆ.

ನೀವು ಕೇಳಿದ್ದಕ್ಕೆ ಉತ್ತರ ವರದಿಯಲ್ಲಿ ಇದ್ದಷ್ಟೇ. ಅದಕ್ಕಿಂತ ಹೆಚ್ಚಿಗೆ ಹೇಳಲು ನನ್ನ ಹತ್ತಿರ ಇಲ್ಲ.

ಸುಮಂತ


ಮಾಗೋಡು ರಸ್ತೆ
20 ನವೆಂಬರ್ 2024

ಸುಮಂತ ಭಟ್ಟರಿಗೆ,

ಮೂರು ಪುಟ ಬರೆದಿದ್ದೀರಿ. ನಾನು ಕೇಳಿದ್ದಕ್ಕೆ ಎರಡು ಸಾಲು.

ಹರಿದು ಹಾಕಬೇಕೆಂದಿದ್ದೆ. ಅಷ್ಟರಲ್ಲಿ ಮಾವ ಕೇಳಿದರು, “ಎಲ್ಲಿಯ ಕಾಗದನೇ ತಂಗೀ?” ನಿಮ್ಮ ಹೆಸರು ಹೇಳಿದೆ. “ಓದು” ಎಂದರು. ಓದಿದೆ.

ಮಗ ಸತ್ತ ಮೇಲೆ ಅವರು ಮನೆಯಲ್ಲಿ ಮಾತಾಡುವುದನ್ನೇ ಬಿಟ್ಟಿದ್ದಾರೆ. ಕೇರಿಯ ಮಂದಿ ಎದುರು ಸಿಕ್ಕರೆ ಮಾವನೇ ದಾರಿ ಬಿಟ್ಟು ನಿಲ್ಲುತ್ತಾರೆ. ಮಾಸ್ತಣ್ಣ ಅವರ ಎಳವೆಯ ಗೆಳೆಯನ ಮಗ. ಅವನನ್ನು ಫ್ಯಾಕ್ಟರಿ ಕೆಲಸಕ್ಕೆ ಸೇರಿಸಿದ್ದು ನಮ್ಮವರು. ಕೊಂದದ್ದೂ ನಮ್ಮವರೇ ಎಂದು ಕಾಗದದಲ್ಲಿ ಬರೆದಾಯಿತು. ಹೀಗಿರುವಾಗ ನಿಮ್ಮ ಆಟದ ಸುದ್ದಿ ಕೇಳಿ ಅವರು ಎದ್ದು ಕೂತರು.

“ಕಲ್ಲಿನ ಮುಂದೆ ಗುಡಿಸ್ಕಂಡು ಹೋಗ್ತಾರಂತ? ದೇವ್ರ ಪಲ್ಲಕ್ಕಿ ಬಂದ್ಹಾಂಗೆ?”

ಹೌದಂತೆ ಎಂದೆ. ಮರುದಿನ ನಾನು ಗ್ರಂಥಾಲಯಕ್ಕೆ ಹೊರಟಾಗ ಮತ್ತೆ ಕರೆದರು. “ಒಬ್ಬನ ಕಲ್ಲು ಇನ್ನೊಬ್ಬನ ಕಲ್ಲಿಗೆ ಹೊಡೆದ್ರೆ? ಅದನ್ನ ಅವ ಬರ್ದಿದ್ದಾನಾ?” ನೀವು ಬರೆದಿರಲಿಲ್ಲ. ಕೇಳಿ ತಿಳಿಸು ಎಂದಿದ್ದಾರೆ. ಕೇಳಿದ್ದೇನೆ.

ಈಗ ನನ್ನ ಮಾತು. ಹೋದ ವಾರ ಬಾವಿಯ ಹಗ್ಗ ಹರಿಯಿತು. ಕೊಡ ಒಳಗೆ ಬಿತ್ತು. ವೆಂಕಮ್ಮಕ್ಕ ಅವಳ ಅಂಗಳದಿಂದ ನೋಡುತ್ತಿದ್ದಳು. ಅವಳ ಮನೆಯಲ್ಲಿ ಬಾವಿಗೆ ಬಿದ್ದದ್ದನ್ನು ಎತ್ತುವ ಪಾತಾಳ ಗರಡಿ ಇದೆ, ಕೇರಿಗೆಲ್ಲ ಅವಳೇ ಕೊಡುತ್ತಾಳೆ. ನಾನು ಹೋಗಿ ಕೇಳಿದೆ. ಅವಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಬೈದಿದ್ದರೆ ನಾನೂ ನಾಲ್ಕು ಮಾತಾಡುತ್ತಿದ್ದೆ.

ಅಂದು ಇವರು ಕೊನೆಯದಾಗಿ ಏನಾದರೂ ಹೇಳಿದರೇ? ಯಾರಾದರೂ ಹತ್ತಿರ ಇದ್ದರೇ? ಇಷ್ಟಕ್ಕಾದರೂ ಉತ್ತರ ಕೊಡಿ.

ಭೂಮಿಕಾ


ಸಸ್ಕಾಚೆವಾನ್
15 ಡಿಸೆಂಬರ್ 2024

ಭೂಮಿಕಾ ಅವರಿಗೆ,

ಮಾವನಿಗೆ ತಿಳಿಸಿ: ಎದುರಾಳಿಯ ಕಲ್ಲಿಗೆ ಹೊಡೆದು ಮನೆಯಿಂದ ಆಚೆ ದಬ್ಬುವುದೇ ಅರ್ಧ ಆಟ. ಹೊಡೆದ ಕಲ್ಲು ಅಲ್ಲೇ ನಿಂತರೆ ಇನ್ನೂ ಒಳ್ಳೆಯದು. ಎರಡೂ ತಂಡಗಳ ನಾಲ್ಕೂ ಜನ ಎರಡೆರಡು ಕಲ್ಲು ಬಿಟ್ಟರೆ ಒಂದು ಸುತ್ತು. ಅಂಥ ಎಂಟು ಸುತ್ತು. ಸೋಲುವುದು ಖಚಿತ ಅನ್ನಿಸಿದರೆ ಪೂರ್ತಿ ಆಡದೆ ತಾವೇ ಬಂದು ಕೈ ಕುಲುಕಿ ಮುಗಿಸುತ್ತಾರೆ. ಅದರಲ್ಲಿ ಅವಮಾನ ಇಲ್ಲವಂತೆ.

ಇನ್ನೊಂದು ನಿಯಮ ನನ್ನ ಮೇಲಧಿಕಾರಿ ಗ್ಲೆನ್ ಹೇಳಿದ. ಅರವತ್ತು ದಾಟಿದ ಮನುಷ್ಯ, ಹರೆಯದಲ್ಲಿ ತಾನೂ ಆಡಿದವನು. ಉಜ್ಜುವವನ ಬ್ರಷ್ಷು ಹೋಗುತ್ತಿರುವ ಕಲ್ಲಿಗೆ ಕೂದಲೆಳೆಯಷ್ಟು ತಾಗಿದರೂ ಆ ಕಲ್ಲು ಕೆಟ್ಟಂತೆ. ತಾಗಿದ್ದನ್ನು ತಾಗಿಸಿದವನೇ ಹೇಳಬೇಕು. ಯಾರೂ ನೋಡಿರದಿದ್ದರೂ ಹೇಳುತ್ತಾರಂತೆ.

ಇಲ್ಲಿ ಹೊರಗೆ ಮೈನಸ್ ಇಪ್ಪತ್ತೆಂಟು. ಕಣ್ಣಿನ ರೆಪ್ಪೆ ಅಂಟಿಕೊಳ್ಳುತ್ತದೆ.

ನಿಮ್ಮ ಪ್ರಶ್ನೆಯನ್ನು ಹತ್ತು ಸಲ ಓದಿದೆ. ಯಾರೂ ಹತ್ತಿರ ಇರಲಿಲ್ಲ ಎಂದು ಬರೆದೆ, ಹೊಡೆದು ಹಾಕಿದೆ. ಈ ಹಾಳೆಯಲ್ಲಿ ಗೀಚಿದ್ದು ಕಾಣುತ್ತಿರುವುದು ಅದೇ. ಬೇರೆ ಹಾಳೆ ತೆಗೆದುಕೊಳ್ಳಬಹುದಿತ್ತು.

ಪಂದ್ಯಾವಳಿ ಮುಗಿಯಲಿ. ಆಮೇಲೆ ಬರೆಯುತ್ತೇನೆ.

ಸುಮಂತ


ಮಾಗೋಡು ರಸ್ತೆ
8 ಜನವರಿ 2025

ಸುಮಂತ ಭಟ್ಟರಿಗೆ,

ಮಾವನಿಗೆ ಹುಷಾರಿಲ್ಲ. ಕಾಲು ಊದಿಕೊಂಡಿದೆ, ಮಲಗಿದರೆ ಉಸಿರು ಸಿಗುವುದಿಲ್ಲ. ಹೃದಯ ಸೋತಿದೆ ಎಂದು ಯಲ್ಲಾಪುರದ ಡಾಕ್ಟರು ಹೇಳಿದರು. ಆಸ್ಪತ್ರೆಯಲ್ಲಿ ಇರಲು ಒಪ್ಪಲಿಲ್ಲ. ಜಗಲಿಯ ಕಂಬಕ್ಕೆ ದಿಂಬು ಆನಿಸಿ ಕೂರಿಸಿದ್ದೇನೆ.

ಯಾರೂ ನೋಡದಿದ್ದರೂ ತಾನೇ ಹೇಳುತ್ತಾನೆ ಎಂದು ನೀವು ಬರೆದದ್ದನ್ನು ಎರಡು ಸಲ ಓದಿಸಿದರು. ಆಮೇಲೆ “ಸುಳ್ಳು” ಎಂದರು. “ಅಂಥ ಆಟ ಇರೂದಿಲ್ಲ. ಭಟ್ಟಂಗೆ ಯಾರೋ ಕತೆ ಹೇಳಿದಾರೆ. ಅವ ಕಣ್ಣಾರೆ ನೋಡಿದ್ರೆ ಬರೀಲಿ.”

ನಿನ್ನೆ ಬೆಳಿಗ್ಗೆ ಗಂಜಿ ಕುಡಿಸುವಾಗ ನನ್ನ ಕೈ ಹಿಡಿದುಕೊಂಡರು. “ತಂಗೀ, ಒಂದು ಹೇಳು. ಪ್ರಮೋದನೇ ಮಾಸ್ತೀನ ಕೊಂದದ್ದ?” ಮೂರು ವರ್ಷ ಹತ್ತಿರ ಬಂತು, ಮೊದಲ ಸಲ ಬಾಯಿಬಿಟ್ಟು ಕೇಳಿದರು. ಅಲ್ಲ ಎಂದೆ. “ನಿಂಗೆ ಹೆಂಗೆ ಗೊತ್ತು?” ಎಂದರು. ಗೊತ್ತಿರುವುದು ನಿಮಗೆ ಮಾತ್ರ.

ಬೇಗ ಬರೆಯಿರಿ. ಬೇರೆ ಏನೂ ಬರೆಯಬೇಡಿ.

ಭೂಮಿಕಾ


ಸಸ್ಕಾಚೆವಾನ್
19 ಜನವರಿ 2025, ಭಾನುವಾರ

ಭೂಮಿಕಾ ಅವರಿಗೆ,

ನನ್ನ ಕಾಗದಕ್ಕೆ ನಿಮ್ಮ ಉತ್ತರ ಇನ್ನೂ ಬಂದಿಲ್ಲ. ಆದರೂ ಬರೆಯುತ್ತಿದ್ದೇನೆ. ಇವತ್ತು ಬರೆಯದಿದ್ದರೆ ಮತ್ತೆ ಬರೆಯುವುದಿಲ್ಲ ಎಂದು ನನಗೆ ಗೊತ್ತು.

ಗುರುವಾರ ಪಂದ್ಯಾವಳಿ ಶುರುವಾಯಿತು. ಎರಡು ಸಾವಿರ ಜನ. ಶುಕ್ರವಾರ ಒಂದು ಪಂದ್ಯದ ಕೊನೆಯ ಸುತ್ತಿನಲ್ಲಿ ಉಜ್ಜುತ್ತಿದ್ದವನೊಬ್ಬ ಥಟ್ಟನೆ ಬ್ರಷ್ಷು ಎತ್ತಿ ನಿಂತ. ತಾಗಿತು ಎಂದ. ನಾನು ಗಡ್ಡೆಯ ಅಂಚಿನಲ್ಲೇ ನಿಂತಿದ್ದೆ, ನನಗೆ ಕಂಡಿರಲಿಲ್ಲ. ಆ ಕಲ್ಲನ್ನು ಬದಿಗೆ ಸರಿಸಿದರು. ಅವರು ಸೋತರು. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ.

ನಿನ್ನೆ ಶನಿವಾರ ಮಧ್ಯಾಹ್ನ ಉಪಾಂತ್ಯದ ಆಟ ನಡೆಯುತ್ತಿತ್ತು. ನಾನು ಒತ್ತಡ ಬರೆದುಕೊಳ್ಳಲು ಯಂತ್ರದ ಕೋಣೆಗೆ ಹೋದೆ. ಬಾಗಿಲು ತೆರೆದ ಕೂಡಲೇ ವಾಸನೆ ಬಂತು. ತೀರ ಸಣ್ಣದು, ಎಚ್ಚರಿಕೆಯ ಗಂಟೆ ಬಡಿಯುವಷ್ಟೂ ಇರಲಿಲ್ಲ. ಆದರೆ ಅದು ಅಮೋನಿಯಾ ಎಂದು ನನಗೆ ಬೇರೆ ಯಾರೂ ಹೇಳಬೇಕಾಗಿಲ್ಲ. ಬಾಗಿಲ ಹೊರಗೆ ಕೆಂಪು ಗುಂಡಿ ಇದೆ. ಒತ್ತಿದರೆ ಯಂತ್ರಗಳೆಲ್ಲ ನಿಲ್ಲುತ್ತವೆ. ನನ್ನ ಕೈಗೆ ಎಟಕುವಷ್ಟು ದೂರ.

ನಾನು ಒತ್ತಲಿಲ್ಲ. ಓಡಲೂ ಇಲ್ಲ. ನಿಂತೇ ಇದ್ದೆ. ಒತ್ತಿದರೆ ಆಟ ಹಾಳಾಗುತ್ತದೆ, ಟಿವಿಯವರಿದ್ದಾರೆ, ನನ್ನ ಕೆಲಸ ಹೋಗಬಹುದು ಎಂದು ಲೆಕ್ಕ ಹಾಕುತ್ತಿದ್ದೆ. ಅಷ್ಟರಲ್ಲಿ ಗ್ಲೆನ್ ಆ ದಾರಿಯಲ್ಲಿ ಬಂದ. ನನ್ನ ಮುಖ ನೋಡಿದ. ಕಾಲರ್ ಹಿಡಿದು ನನ್ನನ್ನು ಹೊರಗೆ ಎಳೆದು, ಗುಂಡಿ ಒತ್ತಿದ. ಯಾರನ್ನೂ ಕೇಳಲಿಲ್ಲ.

ಎರಡು ನಿಮಿಷದಲ್ಲಿ ಆಟ ನಿಂತಿತು. ಒಬ್ಬ ಆಟಗಾರ ಕಲ್ಲಿನ ಹಿಡಿಯ ಮೇಲೆ ಕೈ ಇಟ್ಟು ಜಾರಲು ಸಿದ್ಧನಾಗಿದ್ದ. ಅವನು ಕಲ್ಲನ್ನು ಅಲ್ಲೇ ಬಿಟ್ಟು ಎದ್ದ. ಎರಡು ಸಾವಿರ ಜನ ಸಾಲಾಗಿ ಹೊರಗೆ ಬಂದು, ಮೈನಸ್ ಇಪ್ಪತ್ತೈದರಲ್ಲಿ ವಾಹನ ನಿಲ್ಲಿಸುವ ಬಯಲಿನಲ್ಲಿ ನಿಂತರು. ಆಟಗಾರರು ತೆಳ್ಳನೆಯ ಬೂಟಿನಲ್ಲಿ ಕುಣಿಯುತ್ತಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ಒಬ್ಬರೂ ಜಗಳ ಮಾಡಲಿಲ್ಲ. ಯಾರೂ ಸಾಯಲಿಲ್ಲ. ಅನಿಲ ಸೋರದಂತೆ ತಡೆಯುವ ಒಂದು ಸೀಲು ಸವೆದಿತ್ತು, ಅಷ್ಟೇ. ಬೆಳಗಿನ ಹೊತ್ತಿಗೆ ಸರಿಮಾಡಿದರು, ಇವತ್ತು ಆಟ ಮುಂದುವರಿಯಿತು. ಇಷ್ಟು ಸುಲಭ ಭೂಮಿಕಾ. ಇಷ್ಟೇ ಮಾಡಬೇಕಾಗಿದ್ದದ್ದು.

ಎಷ್ಟು ಹೊತ್ತು ಒಳಗಿದ್ದೆ ಎಂದು ಗ್ಲೆನ್ ಕೇಳಿದ. ಆಗಷ್ಟೇ ಹೋದೆ ಎಂದೆ. ಇವತ್ತು ಬೆಳಿಗ್ಗೆ ಬರೆದುಕೊಡಲು ಕಾಗದ ತಂದಿಟ್ಟ. ನಾಲ್ಕು ನಿಮಿಷ, ವಾಸನೆ ತಿಳಿದೂ ಹೇಳಲಿಲ್ಲ ಎಂದು ಬರೆದು ಸಹಿ ಹಾಕಿದೆ. ಆಮೇಲೆ ಮನೆಗೆ ಬಂದು ಇದನ್ನು ಬರೆಯಲು ಕೂತೆ.

ಈಗ ಶಿರಸಿಯದು. ಯಂತ್ರದ ತಳದಲ್ಲಿ ಸೇರುವ ಎಣ್ಣೆ ತೆಗೆಯುವ ಪೈಪಿಗೆ ಸ್ಪ್ರಿಂಗಿನ ವಾಲ್ವ್ ಇರಬೇಕು. ಕೈ ಬಿಟ್ಟರೆ ತಾನೇ ಮುಚ್ಚಿಕೊಳ್ಳುತ್ತದೆ. ನಮ್ಮಲ್ಲಿ ಅದು ಫೆಬ್ರವರಿಯಲ್ಲಿ ಸೋರತೊಡಗಿತು. ಹೊಸದು ತರಿಸಿ ಎಂದೆ. ಸೀಸನ್ ಮುಗಿಯಲಿ, ಬೇಸಿಗೆಯಲ್ಲಿ ಒಂದು ದಿನವೂ ನಿಲ್ಲಿಸುವ ಹಾಗಿಲ್ಲ ಎಂದರು ಮಾಲೀಕರು. ನಾನು ಅದನ್ನು ಬಿಚ್ಚಿ ತಾನಾಗಿ ಮುಚ್ಚದ ಸಾದಾ ವಾಲ್ವ್ ಹಾಕಿದೆ. ಪ್ರಮೋದ ಆಗ ಊರಿಗೆ ಹೋಗಿದ್ದ. ಬಂದ ಮೇಲೆ ಅವನಿಗೆ ಹೇಳಲಿಲ್ಲ. ಇವತ್ತು ಹೇಳೋಣ ನಾಳೆ ಹೇಳೋಣ ಎಂದು ಬಿಟ್ಟೆ.

ಏಪ್ರಿಲ್ 11ರ ಮಧ್ಯಾಹ್ನ, ಎಣ್ಣೆ ತೆಗಿ ಎಂದು ಅವನಿಗೆ ಹೇಳಿದವನು ನಾನು. ಹೇಳಿ ಆಫೀಸಿಗೆ ಹೋದೆ. ಎಣ್ಣೆಯ ಹಿಂದೆ ಅನಿಲ ನುಗ್ಗಿತು. ವಾಲ್ವ್ ಮುಚ್ಚಲಾಗದೆ ಅವನು ಹೊರಗೆ ಓಡಿ ಬಂದ.

ಹೌದು, ಪ್ರಮೋದ ಹೊರಗೆ ಬಂದಿದ್ದ. ಗೇಟಿನ ಹತ್ತಿರ ನನ್ನ ಎದುರು ನಿಂತಿದ್ದ. ಕಣ್ಣು ಕೆಂಪಾಗಿ ನೀರು ಸುರಿಯುತ್ತಿತ್ತು. “ಭಟ್ಟಾ, ಕೈ ಬಿಟ್ರೂ ಅದು ಮುಚ್ಚಲೇ ಇಲ್ಲಲ್ಲೋ. ಸ್ಪ್ರಿಂಗ್ ಎಲ್ಲಿ ಹೋತು?” ಎಂದ. ನಾನು ಉತ್ತರ ಕೊಡಲಿಲ್ಲ. ಆಗ ಅವನು ಸುತ್ತ ನೋಡಿದ. “ಮಾಸ್ತಣ್ಣ ಎಲ್ಲಿ?” ಮಾಸ್ತಣ್ಣ ಊಟ ಮಾಡಿ ಲೋಡಿಂಗ್ ಕೋಣೆಯಲ್ಲಿ ಗೋಣಿ ಹಾಸಿ ಮಲಗುತ್ತಿದ್ದ. ಪ್ರಮೋದ ನಲ್ಲಿಯಲ್ಲಿ ಟವೆಲ್ ಒದ್ದೆ ಮಾಡಿ ಮುಖಕ್ಕೆ ಸುತ್ತಿಕೊಂಡ. ನಾನು ಅವನ ತೋಳು ಹಿಡಿದೆ. ಅಗ್ನಿಶಾಮಕದವರು ಬರುತ್ತಾರೆ, ಹೋಗಬೇಡ ಎಂದೆ. “ಊರಿಂದ ಕರ್ಕಂಡು ಬಂದವ ನಾನು. ವೆಂಕಮ್ಮಕ್ಕಂಗೆ ಎಂತ ಹೇಳ್ಲಿ? ಬಿಡಾ” ಎಂದ. ಕೈ ಕಿತ್ತುಕೊಂಡು ಒಳಗೆ ಹೋದ.

ಅದೇ ಅವನ ಕೊನೆಯ ಮಾತು. ಹತ್ತಿರ ಇದ್ದವನು ನಾನು. ನಾನು ಹೋಗಲಿಲ್ಲ.

ಇಬ್ಬರೂ ಸಿಕ್ಕಿದ್ದು ಲೋಡಿಂಗ್ ಕೋಣೆಯಲ್ಲಿ, ಬಾಗಿಲಿಗೆ ಎರಡು ಮಾರು ದೂರ. ಪ್ರಮೋದನ ಕೈ ಮಾಸ್ತಣ್ಣನ ಕಂಕುಳ ಕೆಳಗಿತ್ತು. ಅನಿಲ ಇಳಿದ ಮೇಲೆ, ಅಗ್ನಿಶಾಮಕದವರು ಬರುವ ಮೊದಲೇ, ಎಳೆದು ಹೊರಗೆ ತಂದವರು ನಾನೂ ಮಾಲೀಕರೂ. ಯಂತ್ರದ ಕೋಣೆಯಲ್ಲಿ ಸಿಕ್ಕರು ಎಂದು ಬರೆಸಿದವರೂ ನಾವೇ. ಪ್ರಮೋದ ಹೊರಗೆ ಬಂದಿದ್ದ ಎಂದು ಹೇಳಿದರೆ ಅವನು ನನ್ನ ಹತ್ತಿರ ಏನು ಕೇಳಿದ ಎಂಬ ಪ್ರಶ್ನೆ ಬರುತ್ತಿತ್ತು. ಸತ್ತವನಿಗೆ ಕೆಲಸ ಹೋಗುವ ಹೆದರಿಕೆ ಇಲ್ಲ ಎಂದರು ಮಾಲೀಕರು. ನಾನು ಸಹಿ ಹಾಕಿದೆ. ನಾನು ಇಲ್ಲಿಗೆ ಬರಲು ಬೇಕಾದ ಅನುಭವದ ಪತ್ರವನ್ನು, ಇಲ್ಲದ ಹುದ್ದೆಯನ್ನೂ ಸೇರಿಸಿ, ಅವರು ಬರೆದುಕೊಟ್ಟರು.

ಮಾವನಿಗೆ ಓದಿ ಹೇಳಿ.

ಸುಮಂತ


ಮಾಗೋಡು ರಸ್ತೆ
14 ಫೆಬ್ರವರಿ 2025

ಸುಮಂತ ಭಟ್ಟರಿಗೆ,

ನಿಮ್ಮ ಕಾಗದ ಮಂಗಳವಾರ ಬಂತು. ಮಾವ ತೀರಿಕೊಂಡು ಅಂದಿಗೆ ಹದಿನೈದು ದಿನ. ಕಂಬಕ್ಕೆ ಒರಗಿದವರು ಹಾಗೇ ಹೋದರು. ಹಿಂದಿನ ದಿನವೂ ಟಪಾಲು ಬಂತಾ ಎಂದು ಕೇಳಿದ್ದರು.

ನೀವು ಬರೆದ ದಿನ ಅವರು ಜೀವಂತ ಇದ್ದರು. ಒಂದು ಫೋನ್ ಮಾಡಿದ್ದರೆ ಸಾಕಿತ್ತು. ಆದರೆ ಫೋನ್ ಬೇಡ, ಬರೆದೇ ಕಳಿಸಿ ಎಂದು ಹಠ ಹಿಡಿದವಳು ನಾನು. ನಿಮ್ಮನ್ನು ಬೈಯಲು ಕೂತಾಗಲೆಲ್ಲ ಇದು ಅಡ್ಡ ಬರುತ್ತದೆ. ಇದರಲ್ಲಿ ನನ್ನ ಪಾಲೂ ಇದೆ.

ಮೊದಲ ಸಲ ಗ್ರಂಥಾಲಯದಲ್ಲಿ ನಿಂತೇ ಓದಿದೆ. ಪತ್ರಿಕೆ ಓದಲು ಬಂದವರು ಇಬ್ಬರಿದ್ದರು. ಅವರು ಹೋಗುವವರೆಗೆ ರಿಜಿಸ್ಟರ್ ತುಂಬುತ್ತಾ ಕೂತೆ. ಆಮೇಲೆ ಬಾಗಿಲು ಹಾಕಿದೆ.

ಸಂಜೆ ವೆಂಕಮ್ಮಕ್ಕನ ಅಂಗಳಕ್ಕೆ ಹೋದೆ. ಅವಳು ಒಳಗೆ ಹೋಗುವ ಮೊದಲೇ ಗಟ್ಟಿಯಾಗಿ ಓದತೊಡಗಿದೆ. “ಪ್ರಮೋದ ಹೊರಗೆ ಬಂದಿದ್ದ” ಎಂಬಲ್ಲಿಗೆ ಬಂದಾಗ ಅವಳು ಕೈ ಎತ್ತಿದಳು.

“ಸಾಕು. ಆವತ್ತು ಬರೆದದ್ದೂ ಅವನೇ, ಈಗ ಬರೆದದ್ದೂ ಅವನೇ. ಕಾಗದದ ಮೇಲೆ ಎಂತ ಬೇಕಾರೂ ಬರೀಬೌದು. ನಂಗೆ ಓದೂಕೆ ಬರೂದಿಲ್ಲ ಅಂತ ನೀನು ಎಂತ ಬೇಕಾರೂ ಓದ್ಬೌದು.”

ಬಾಗಿಲು ಹಾಕಿಕೊಂಡಳು.

ಶಿರಸಿಯ ವಕೀಲರೊಬ್ಬರಿಗೆ ಕಾಗದ ತೋರಿಸಿದೆ. ಇದೊಂದರಿಂದ ಏನೂ ಆಗುವುದಿಲ್ಲ, ಬರೆದವನು ಬಂದು ನ್ಯಾಯಾಧೀಶರ ಎದುರು ಹೇಳಬೇಕು ಎಂದರು. ಹೇಳಿದರೆ ಅವನ ಮೇಲೂ ಕೇಸು ಬೀಳುತ್ತದೆ, ಬರುತ್ತಾನೆಯೇ ಎಂದು ಕೇಳಿದರು. ನಾನು ಗೊತ್ತಿಲ್ಲ ಎಂದೆ.

ಬನ್ನಿ. ನ್ಯಾಯಾಧೀಶರಿಗೆ ಹೇಳಿ. ಅದಕ್ಕಿಂತ ಮೊದಲು ವೆಂಕಮ್ಮಕ್ಕನ ಮುಖ ನೋಡಿಕೊಂಡು ಹೇಳಿ.

ಭೂಮಿಕಾ


ಸಸ್ಕಾಚೆವಾನ್
11 ಮಾರ್ಚ್ 2025

ಭೂಮಿಕಾ ಅವರಿಗೆ,

ಮಾವನ ಸುದ್ದಿ ಓದಿ ಎರಡು ದಿನ ಕೆಲಸಕ್ಕೆ ಹೋಗಲಿಲ್ಲ. ಅದರ ಬಗ್ಗೆ ನಾನು ಏನು ಬರೆದರೂ ತಪ್ಪಾಗುತ್ತದೆ.

ಅನುಭವದ ಪತ್ರದ ವಿಷಯ ಗ್ಲೆನ್‌ಗೆ ಹೇಳಿದೆ. ಇದನ್ನು ತಾನು ಮೇಲಿನವರಿಗೆ ತಿಳಿಸದೆ ಇರಲಾಗುವುದಿಲ್ಲ ಎಂದ. ಗೊತ್ತು ಎಂದೆ. ಇಲ್ಲಿ ಕೆಲಸ ಮಾಡುವ ಪರವಾನಗಿ ಹೋಗುತ್ತದೆ, ಮತ್ತೆ ಈ ದೇಶಕ್ಕೆ ಬರಲಾಗುವುದಿಲ್ಲ. ಹೆಂಡತಿ ನಮಿತಾ ದೊಡ್ಮನೆಯಿಂದ ಫೋನ್ ಮಾಡಿದ್ದಳು. ಎಲ್ಲ ಕೇಳಿಸಿಕೊಂಡು, “ಇಷ್ಟು ವರ್ಷ ಎನ್ನತ್ರಾನೂ ಹೇಳಿದ್ದಿಲ್ಲೆ ನೀನು” ಎಂದು ಫೋನಿಟ್ಟಳು. ಮತ್ತೆ ಮಾಡಿಲ್ಲ.

ಏಪ್ರಿಲ್ ಕೊನೆಗೆ ಬರುತ್ತೇನೆ. ದಿನ ಗೊತ್ತಾದಾಗ ವಕೀಲರಿಗೆ ತಿಳಿಸುತ್ತೇನೆ.

ಸುಮಂತ


ಮಾಗೋಡು ರಸ್ತೆ
9 ಜೂನ್ 2025

ಸುಮಂತ ಭಟ್ಟರಿಗೆ, ದೊಡ್ಮನೆ

ನಿಮಗೆ ಜಾಮೀನು ಸಿಕ್ಕಿತೆಂದೂ ಪಾಸ್‌ಪೋರ್ಟನ್ನು ಕೋರ್ಟಿನಲ್ಲಿ ಇಟ್ಟುಕೊಂಡಿದ್ದಾರೆಂದೂ ವಕೀಲರು ಹೇಳಿದರು. ಮಾಲೀಕರು ನಿಮ್ಮದೆಲ್ಲ ಕಟ್ಟುಕತೆ ಎನ್ನುತ್ತಿದ್ದಾರಂತೆ. ಕೇಸು ಎಷ್ಟು ವರ್ಷ ನಡೆಯುತ್ತದೋ ಗೊತ್ತಿಲ್ಲ. ವರದಿಯ ಆ ಸಾಲನ್ನು ಯಾರೂ ಇನ್ನೂ ಹೊಡೆದು ಹಾಕಿಲ್ಲ.

ನೀವು ನ್ಯಾಯಾಧೀಶರಿಗೆ ಹೇಳಿಕೆ ಕೊಟ್ಟ ದಿನ ಶಿರಸಿ ಕೋರ್ಟಿನ ಜಗಲಿಯಲ್ಲಿ ನಾನು ನಿಮ್ಮ ಹತ್ತಿರ ಮಾತಾಡಲಿಲ್ಲ. ನೀವು ಎರಡು ಸಲ ನನ್ನ ಕಡೆ ತಿರುಗಿದ್ದನ್ನು ನೋಡಿದೆ. ತಲೆಯೆಲ್ಲ ಬೆಳ್ಳಗಾಗಿದೆ ನಿಮಗೆ. ಮಾತಾಡಿದರೆ ನೀವು ಕ್ಷಮೆ ಕೇಳುತ್ತೀರಿ, ನಾನು ಏನಾದರೂ ಹೇಳಬೇಕಾಗುತ್ತದೆ. ನನ್ನ ಹತ್ತಿರ ಕೊಡಲು ಅದು ಇಲ್ಲ. ಮುಂದೆ ಬರುತ್ತದೋ ಇಲ್ಲವೋ, ಅದಕ್ಕಾಗಿ ಕಾಯಬೇಡಿ.

ಆದರೆ ವೆಂಕಮ್ಮಕ್ಕನನ್ನು ಕರೆತಂದವಳು ನಾನಾದ್ದರಿಂದ ಆಮೇಲೆ ಏನಾಯಿತೆಂದು ನಿಮಗೆ ತಿಳಿಸಬೇಕು. ಅವಳು ಬರುತ್ತಾಳೆಂದು ನಾನು ಎಣಿಸಿರಲಿಲ್ಲ. ಕೇಳಿ ಬಂದಿದ್ದೆ, ಅಷ್ಟೇ. ಬೆಳಿಗ್ಗೆ ನೋಡಿದರೆ ನನಗಿಂತ ಮೊದಲೇ ಬಸ್ಸಿಗೆ ಬಂದು ನಿಂತಿದ್ದಳು. ಬೇರೆ ಸೀಟಿನಲ್ಲಿ ಕೂತಳು.

ನೀವು ಅವಳ ಎದುರು ನಿಂತು ಹೇಳುವಾಗ ಅವಳು ನಿಮ್ಮ ಬಾಯಿಯನ್ನೇ ನೋಡುತ್ತಿದ್ದಳು. ಮುಗಿದ ಮೇಲೆ ಸೆರಗು ಹೊದ್ದುಕೊಂಡು ಬಸ್ ಸ್ಟ್ಯಾಂಡಿನ ಕಡೆ ಹೊರಟುಬಿಟ್ಟಳು. ಅವಳಿಗೆ ನಂಬಿಕೆ ಬರಲಿಲ್ಲ ಎಂದೇ ನಾನು ತಿಳಿದೆ. ನೀವೂ ಹಾಗೇ ತಿಳಿದಿರಬೇಕು.

ಯಲ್ಲಾಪುರದ ಬಸ್ಸಿನಲ್ಲಿ ಜನ ತುಂಬಿದ್ದರು. ನಾವಿಬ್ಬರೂ ಒಂದೇ ಸೀಟಿನಲ್ಲಿ ಕೂರಬೇಕಾಯಿತು. ಮಂಚಿಕೇರಿ ದಾಟುವವರೆಗೆ ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದಳು.

“ಬಾಗ್ಲಿಗೆ ಎರಡು ಮಾರು ಅಂದ್ನಲ್ಲ ಅವ?”

“ಹೌದು.”

“ಕಂಕುಳಿಗೆ ಕೈ ಹಾಕಿ ಎಳೀತಿದ್ದ ಅಂದ್ನಲ್ಲ?”

“ಹೌದು ಅಕ್ಕಾ.”

ಬಸ್ಸು ಒಂದು ತಿರುವಿನಲ್ಲಿ ಜೋರಾಗಿ ವಾಲಿದಾಗ ಅವಳು ನನ್ನ ಮೊಣಕೈ ಹಿಡಿದುಕೊಂಡಳು. ತಿರುವು ಮುಗಿದ ಮೇಲೂ ಬಿಡಲಿಲ್ಲ.

“ಮೂರು ವರ್ಷ ನಾನು ಎಂತ ಎಣಿಸ್ಕಂಡಿದ್ದೆ ಗೊತ್ತಿತ್ತನೇ ನಿಂಗೆ? ನಮ್ಮವ್ರು ನಿದ್ದೆಗಣ್ಣಲ್ಲಿ ಎದ್ದು ಕೂಗಿರ್ತಾರೆ. ದಾರಿ ಕಾಣದೆ ಗೋಡೆ ತಡವಿರ್ತಾರೆ. ಯಾರೂ ಬರ್ಲಿಲ್ಲ, ಒಬ್ರೇ ಸತ್ರು ಅಂತ.” ಸೆರಗಿನಿಂದ ಬಾಯಿ ಒತ್ತಿಕೊಂಡಳು. ಮುಂದಿನ ಸೀಟಿನವರು ತಿರುಗಿ ನೋಡಿದರು. “ಹಂಗಾರೆ ಒಬ್ಬ ಬಂದಿದ್ದ.”

ನಾವು ಇಳಿದು ಕೇರಿಯವರೆಗೆ ಜೊತೆಯಲ್ಲೇ ನಡೆದೆವು. ಅವಳ ಅಂಗಳದ ಹತ್ತಿರ ನಾನು ನಿಂತೆ. ಅವಳು ಬೀಗ ತೆಗೆದು, ಬಾಗಿಲು ಪೂರ್ತಿ ತೆರೆದು, ಒಳಗಿನಿಂದ ಕೂಗಿದಳು. “ಅಲ್ಲೇ ಎಂತ ನಿಂತ್ಕಂಡೆ? ಬಾ, ಚಾ ಇಡ್ತೆ.”

ಹೋದೆ.

ಭೂಮಿಕಾ